ಸಮುದ್ರದ ಎಂಟು ಫೋಟೊಗಳು

ಗಲ್ಲದ ಮೇಲಿನ ನರಹುಲಿ ಅರ್ಧ ಹೋಗಿತ್ತು, ಅಷ್ಟರಲ್ಲಿ ಫೋನು ಬಂತು. ಅವಳು ಬಲಗೈಯನ್ನು ಮೌಸಿನಿಂದ ತೆಗೆಯದೆ, ಎಡಗೈಯಿಂದ ಫೋನೆತ್ತಿ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

"ಅಮ್ಮ, ಬೈಬೇಡ," ಎಂದಳು ಮಗಳು.

"ಬೈಯೋ ಅಂಥದ್ದು ಏನು ಮಾಡಿದೀಯ?"

"ಸ್ಕೂಲ್ ಮೇಳದಲ್ಲಿ ನಮ್ಮ ಕ್ಲಾಸಿಂದು ತಿಂಡಿ ಅಂಗಡಿ. ಅಡುಗೆಗೆ ನಿನ್ನ ಹೆಸರು ಕೊಟ್ಟಿದೀನಿ. ಅಜ್ಜಿದೂ ಕೊಟ್ಟಿದೀನಿ."

"ಅಜ್ಜೀನ ಕೇಳಿದ್ಯಾ?"

"ಅದಕ್ಕೇ ನಿನಗೆ ಫೋನ್ ಮಾಡಿದ್ದು. ನೀನು ಕೇಳು."

ಫೋನು ಇಟ್ಟು ಅವಳು ಉಳಿದರ್ಧ ನರಹುಲಿಯನ್ನೂ ತೆಗೆದಳು. ಆಮೇಲೆ ಕಣ್ಣ ಕೆಳಗಿನ ಕಪ್ಪು, ಮೂಗಿನ ಮೇಲಿನ ಎಣ್ಣೆಯ ಹೊಳಪು. ಸ್ಟುಡಿಯೋದ ಹಿಂದಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವಳಿಗೆ ಇದೇ ಕೆಲಸ. ಮುಂದುಗಡೆ ಯಜಮಾನರು ಫೋಟೊ ತೆಗೆಯುತ್ತಾರೆ, ಹಿಂದುಗಡೆ ಇವಳು ಅದನ್ನು ತಿದ್ದುತ್ತಾಳೆ. ಊರಿನವರ ಮುಖ ತೊಳೆಯೋಳು ಎಂದು ಮನೆಯಲ್ಲಿ ಗಂಡ ತಮಾಷೆ ಮಾಡುತ್ತಾನೆ. ತಿದ್ದಿದ ಫೋಟೊವನ್ನು ಹಳೆಯದರ ಮೇಲೇ ಉಳಿಸುವುದು, ಸಂಜೆ ಆರಕ್ಕೆ ಕ್ಯಾಮೆರಾಗಳ ಮೆಮೊರಿ ಕಾರ್ಡುಗಳನ್ನೆಲ್ಲ ಖಾಲಿ ಮಾಡಿ ನಾಳೆಗೆಂದು ಡ್ರಾಯರಿಗೆ ಹಾಕುವುದು ಅಲ್ಲಿಯ ಪದ್ಧತಿ. ನನ್ನ ನರಹುಲಿ ವಾಪಸು ಕೊಡಿ ಎಂದು ಕೇಳಿಕೊಂಡು ಬಂದವರು ಇದುವರೆಗೆ ಒಬ್ಬರೂ ಇಲ್ಲ.

ಅತ್ತೆಯನ್ನು ಒಪ್ಪಿಸುವುದು ಅವಳು ಹೆದರಿದಷ್ಟು ಕಷ್ಟವಾಗಲಿಲ್ಲ.

"ಎಷ್ಟು ಜನಕ್ಕೆ?" ಎಂದರು ಅತ್ತೆ, ಸೊಪ್ಪು ಬಿಡಿಸುತ್ತಾ.

"ನಾನೂರು ಜನ ಬರ್ತಾರಂತೆ."

"ಅಷ್ಟೇನಾ!" ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವರು ಅವರು. ಒಂದೊಂದು ಕೈಯಲ್ಲಿ ಎರಡೆರಡು ಮೊಟ್ಟೆ ಹಿಡಿದು ಒಟ್ಟಿಗೇ ಒಡೆಯಬಲ್ಲರು. "ಬ್ರೆಡ್ಡು, ಆಮ್ಲೆಟ್ಟು, ನಿಂಬೆ ಶರಬತ್ತು. ಬೇರೆ ಏನೂ ಬೇಡ. ನಾಲ್ಕು ಥರ ಮಾಡೋಕೆ ಹೋದ್ರೆ ನಾಲ್ಕೂ ಕೆಡುತ್ತೆ. ನನಗೊಂದು ಎತ್ತರದ ಸ್ಟೂಲು ಬೇಕು, ಈಗಲೇ ಹೇಳಿರ್ತೀನಿ."

ಕಷ್ಟವಾದದ್ದು ಇನ್ನೊಂದು ವಿಷಯ. ಅದನ್ನು ಮಗಳು ಊಟಕ್ಕೆ ಕೂತಾಗ ತೆಗೆದಳು. ಮೇಳದಲ್ಲಿ ಮಕ್ಕಳು ತೆಗೆದ ಫೋಟೊಗಳಿಗೆಂದೇ ಒಂದು ಗೋಡೆ ಇರುತ್ತದೆ. ಒಬ್ಬೊಬ್ಬರದು ಎಂಟು ಫೋಟೊ, ವಿಷಯ 'ನನ್ನ ಮನೆಯವರು, ಮನೆಯಿಂದ ಹೊರಗೆ'. ಶಾಲೆಯಲ್ಲಿರುವುದು ಒಂದೇ ಒಂದು ಒಳ್ಳೆಯ ಕ್ಯಾಮೆರಾ. ಯಾರ ಎಂಟು ಎಲ್ಲಕ್ಕಿಂತ ಚೆನ್ನಾಗಿವೆಯೋ ಅವರ ಕೈಗೆ ಅದು ಒಂದು ವರ್ಷ.

"ಒಂದು ವರ್ಷ ಅಪ್ಪ! ಮನೆಗೇ ತರಬಹುದು!" ಮಗಳ ಅನ್ನ ತಟ್ಟೆಯಲ್ಲಿ ಆರುತ್ತಿತ್ತು. ಅಪ್ಪನ ಹಳೇ ಫೋನಿನಲ್ಲಿ ಫೋಟೊ ತೆಗೆಯುತ್ತಾ ಬೆಳೆದ ಹುಡುಗಿ. ಆ ಫೋನು ಚಾರ್ಜ್ ಮಾಡಿದ ಒಂದೇ ಗಂಟೆಯಲ್ಲಿ ಸತ್ತುಹೋಗುತ್ತದೆ. ಹದಿನಾಲ್ಕು ವರ್ಷದಲ್ಲಿ ಅವಳು ಬಾಯಿಬಿಟ್ಟು ಇದು ಬೇಕು ಅಂದದ್ದು ಇದೇ ಮೊದಲು. "ಅದಕ್ಕೆ ನಾವೆಲ್ಲ ಎಲ್ಲಿಗಾದರೂ ಹೋಗಬೇಕು. ಸಮುದ್ರಕ್ಕೆ ಹೋಗೋಣ."

"ನೀರು ನೋಡೋಕೆ ಎರಡೂವರೆ ಗಂಟೆ ಬಸ್ಸಾ?" ಎಂದರು ಅತ್ತೆ. "ನಲ್ಲಿ ತಿರುಗಿಸು, ಬರುತ್ತೆ."

"ನಾನು ಮಲಗೋದೇ ಭಾನುವಾರ ಒಂದು ದಿನ," ಎಂದ ಗಂಡ. ಅವನು ಲಿಫ್ಟ್ ರಿಪೇರಿಯವನು, ವಾರವೆಲ್ಲ ಕತ್ತಲ ಗುಂಡಿಗಳಲ್ಲಿ ನೇತಾಡುವವನು.

"ಅಲ್ಲೇ ಮಲಗಿ," ಎಂದಳು ಅವಳು. "ಮರಳು ಮೆತ್ತಗಿರುತ್ತೆ."

ಮಗಳು ಒಂದು ಫಾರಂ ಬಿಡಿಸಿ ನಿಯಮಗಳನ್ನು ಗಟ್ಟಿಯಾಗಿ ಓದತೊಡಗಿದಾಗ ಅವಳು ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದಳು. ವಾಪಸು ಬರುವಷ್ಟರಲ್ಲಿ ಓದಿ ಮುಗಿದಿತ್ತು. ಅತ್ತೆ ಮೊಮ್ಮಗಳಿಗೆ, "ಮೊದಲು ಅನ್ನ ಉಣ್ಣೇ ಕೋತಿ, ಕ್ಯಾಮೆರಾ ಹೊಟ್ಟೆಗೆ ಬರಲ್ಲ," ಎನ್ನುತ್ತಿದ್ದರು.

ಅವಳು ಯಜಮಾನರನ್ನು ಕೇಳಿ ಸ್ಟುಡಿಯೋದ ಹಳೆಯ ಕ್ಯಾಮೆರಾ ತಂದಳು. "ಒಳಗೆ ಮರಳು ಹೋದ್ರೆ ನೀವೇ ಜವಾಬ್ದಾರಿ ಅಕ್ಕ," ಎಂದಿದ್ದರು ಅವರು.

ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಟರು. ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಎರಡು ಪೌಂಡು ಬ್ರೆಡ್ಡು, ಉಪ್ಪಿನ ಪೊಟ್ಟಣ, ನೀರು. ಅತ್ತೆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ದಂಡೆಯಲ್ಲಿ ಮೊದಲ ಅರ್ಧ ಗಂಟೆ ಯಾರೂ ಫೋಟೊಗೆ ಸಿಗಲಿಲ್ಲ. ಮಗಳು ಕ್ಯಾಮೆರಾ ಎತ್ತಿದರೆ ಸಾಕು, ಗಂಡ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ, ಅತ್ತೆ ಶಾಲಾ ತಪಾಸಣೆಗೆ ಬಂದವರ ಹಾಗೆ ಮುಖ ಮಾಡುತ್ತಿದ್ದರು.

"ನನ್ನ ಮರೆತುಬಿಡಿ!" ಎಂದು ಮಗಳು ಕೂಗಿದಳು.

"ಹೆತ್ತಿರೋದು ಒಂದೇ ಒಂದು, ಹೇಗೆ ಮರೆಯೋದು?" ಎಂದ ಗಂಡ. ಹತ್ತು ನಿಮಿಷದಲ್ಲಿ ನಿಜವಾಗಿಯೂ ಮರೆತು, ಮೀಸೆಯಲ್ಲಿ ಬ್ರೆಡ್ಡಿನ ಚೂರು ಸಿಕ್ಕಿಕೊಂಡಂತೆಯೇ, ಬಾಯಿ ತೆರೆದು ನಿದ್ದೆಹೋದ. ಅತ್ತೆ ಯಾರಿಗೂ ಹೇಳದೆ ಎದ್ದು ಹೋಗಿ, ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ನೀರಿಗಿಳಿದರು. ಅಲೆಯೊಂದು ಗಂಡನ ಬಲಗಾಲಿನ ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಅವನು ಎಚ್ಚರಾಗಿ, ಕುಂಟುತ್ತಾ ಅದರ ಹಿಂದೆ ಓಡಿ, ಬಿದ್ದ. ಅವಳು ನಕ್ಕಳು. ಮುಂದಿನ ಹಲ್ಲೊಂದು ಬಿದ್ದುಹೋದಮೇಲೆ ಐದು ವರ್ಷದಿಂದ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುವುದು. ಅವತ್ತು ಎರಡು ಕೈಯಲ್ಲೂ ಮೊಟ್ಟೆಯಿತ್ತು.

ಮಂಗಳವಾರ ಬೆಳಿಗ್ಗೆ ಮಗಳು ಎಂಟು ಫೋಟೊಗಳ ನಂಬರು ಬರೆದ ಚೀಟಿಯನ್ನು ಅವಳ ಕೈಗೆ ಕೊಟ್ಟು, "ಪ್ರಿಂಟ್ ಹಾಕಿಸ್ಕೊಂಡು ಬಾ ಅಮ್ಮ," ಎಂದಿದ್ದಳು.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಿದ್ದಾಗ ಅವಳು ಎಂಟನ್ನೂ ತೆರೆದಳು. ನೋಡುತ್ತಾ ನೋಡುತ್ತಾ ಕೈ ತನ್ನ ಪಾಡಿಗೆ ತಾನು ಹೊರಟಿತು. ಅತ್ತೆಯ ಕಾಲಿನಲ್ಲಿ ಉಬ್ಬಿದ ನೀಲಿ ನರಗಳು ಹೋದವು. ಗಂಡನ ಮೀಸೆ ಶುಭ್ರವಾಯಿತು, ಬಾಯಿ ಮುಚ್ಚಿಕೊಂಡಿತು. ಚಪ್ಪಲಿಯ ಪಕ್ಕದ ಪ್ಲಾಸ್ಟಿಕ್ ಚೀಲ ಮರಳಾಯಿತು. ಅವಳ ಬಾಯಿಗೆ ಹಲ್ಲು ಬಂತು. ಮಗಳ ಕೆಲಸವಲ್ಲವೇ ಎಂದು ಮದುವೆ ಆಲ್ಬಮಿಗೂ ತೋರದ ಅಕ್ಕರೆಯಿಂದ ತಿದ್ದಿದಳು. ಉಳಿಸಿದಳು. ಪ್ರಿಂಟ್ ಹಾಕಿದಳು. ಆರು ಗಂಟೆಗೆ ಎಲ್ಲ ಕಾರ್ಡುಗಳ ಜೊತೆ ಸಮುದ್ರದ ಕಾರ್ಡನ್ನೂ ಖಾಲಿ ಮಾಡಿ ಡ್ರಾಯರಿಗೆ ಹಾಕಿದಳು.

ಮನೆಯಲ್ಲಿ ಮಗಳು ಮೊದಲ ಫೋಟೊ ನೋಡಿದಳು, ಎರಡನೆಯದು ನೋಡಿದಳು. ಮೂರನೆಯದಕ್ಕೆ ಕೇಳಿದಳು, "ಅಜ್ಜಿ ಕಾಲು ಎಲ್ಲಿ?"

"ಇದೆಯಲ್ಲ."

"ಇದು ಅಂಗಡಿ ಗೊಂಬೆ ಕಾಲು! ನರ ಎಲ್ಲಿ? ತಿದ್ದಬಾರದು ಅಂತ ಫಾರಂನಲ್ಲೇ ಇದೆ ಅಮ್ಮ! ಅವತ್ತು ಓದಿದ್ನಲ್ಲ!"

"ನನಗೆ ಕೇಳಿಸಲಿಲ್ಲ ಪುಟ್ಟ. ಹಾಲು..."

"ಮೊದಲಿಂದು ಇದೆ ತಾನೇ? ಕಾರ್ಡಲ್ಲಿ?"

"ಸಂಜೆ ಖಾಲಿ ಮಾಡಿಬಿಟ್ಟೆ," ಎಂದಳು ಅವಳು. ಮಗಳಿಗೆ ಅರ್ಥವಾಯಿತು.

ಅತ್ತೆ ಕನ್ನಡಕ ಹಾಕಿಕೊಂಡು ಫೋಟೊ ಇಸಿದುಕೊಂಡರು. ಬಹಳ ಹೊತ್ತು ನೋಡಿದರು. "ಇಪ್ಪತ್ತಾರು ವರ್ಷ ಒಲೆ ಮುಂದೆ ನಿಂತು ಸಂಪಾದಿಸಿದ ನರ ಕಣೇ ಅವು. ಯಾರನ್ನ ಕೇಳಿ ತೆಗೆದೆ?"

"ಚೆನ್ನಾಗಿ ಕಾಣಲಿ ಅಂತ, ಅತ್ತೆ..."

"ನಾನು ಮಾತ್ರ ಚೆನ್ನಾಗಿ ಬಂದಿದೀನಪ್ಪ," ಎಂದ ಗಂಡ.

"ಇನ್ನೊಂದ್ಸಲ ಹೋಗೋಣ," ಎಂದಳು ಅವಳು. "ಬರೋ ಭಾನುವಾರವೇ. ನಾನು ರಜ ಹಾಕ್ತೀನಿ."

"ಹೋದ್ರೆ ಎಲ್ಲರೂ ನಾಟಕ ಮಾಡ್ತೀರಿ. ಅಪ್ಪ ಬೇಕು ಅಂತ ಬೀಳ್ತಾನೆ. ನೀನು ಬೇಕು ಅಂತ ನಗ್ತೀಯ." ಮಗಳು ಪ್ರಿಂಟುಗಳನ್ನು ಮೇಜಿನ ಮೇಲಿಟ್ಟಳು. ಹರಿಯಲಿಲ್ಲ, ಎಸೆಯಲೂ ಇಲ್ಲ. "ನಾಳೆ ನನ್ನ ಹೆಸರು ತೆಗೆಸ್ತೀನಿ."

"ತೆಗೆಸಬೇಡ," ಎಂದಳು ಅವಳು. "ಒಂದು ವಾರ ಟೈಮ್ ಕೊಡು. ನಾನು ಕಳೆದಿದ್ದು, ನಾನೇ ತರ್ತೀನಿ."

ಅಳಿಸಿದ್ದನ್ನು ಮರಳಿ ಪಡೆಯುವ ಒಂದು ಸಾಫ್ಟ್‌ವೇರು ಯಜಮಾನರ ಹತ್ತಿರ ಇತ್ತು. ಬುಧವಾರ ವಿಷಯ ತಿಳಿಯುವಷ್ಟರಲ್ಲಿ ಅವರು ಅದೇ ಕಾರ್ಡಿನಲ್ಲಿ ಬೆಳಗಿನ ಗಿರಾಕಿಗಳನ್ನು ತೆಗೆದಾಗಿತ್ತು. "ಆಸೆ ಇಟ್ಕೋಬೇಡಿ ಅಕ್ಕ," ಎಂದರು. ಅವಳು ಮಧ್ಯಾಹ್ನದ ಊಟ ಬಿಟ್ಟು ನಾಲ್ಕು ದಿನ ಅದರ ಮುಂದೆ ಕೂತಳು.

ತೆರೆಯ ಮೇಲೆ ಬಂದವರೆಲ್ಲ ಅಪರಿಚಿತರು. ತಿಂಗಳುಗಟ್ಟಲೆ ಹಿಂದೆ ಅವಳೇ ತೊಳೆದು ಕಳಿಸಿದ್ದ ಮುಖಗಳು, ತೊಳೆಯುವ ಮುಂಚೆ ಹೇಗಿದ್ದವೋ ಹಾಗೆ. ಸೀಳುತುಟಿಯ ಹೊಲಿಗೆ ಗುರುತಿದ್ದ ಯುವಕ, ಕೆನ್ನೆ ತುಂಬ ಮಚ್ಚೆಯಿದ್ದ ನರ್ಸು, ಅತ್ತು ಬಂದಂತೆ ಕಣ್ಣು ಕೆಂಪಾಗಿದ್ದ ಮುದುಕ. ಇಂಥವರನ್ನು ನೋಡಿದ್ದೇ ಅವಳಿಗೆ ನೆನಪಿರಲಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಸಮುದ್ರ. ಒಂದರಲ್ಲಿ ಮೇಲೆ ಆಕಾಶ, ಕೆಳಗೆ ಬರೀ ಬೂದು ಪಟ್ಟಿ. ಶನಿವಾರದ ಹೊತ್ತಿಗೆ ಪೂರ್ತಿಯಾಗಿ ಸಿಕ್ಕಿದ್ದು ಮೂರು: ಮರಳಿನ ಮೇಲೆ ಮಗಳ ನೆರಳು, ಪ್ಲಾಸ್ಟಿಕ್ ಚೀಲದ ಪಕ್ಕದ ಒಂಟಿ ಚಪ್ಪಲಿ, ಬಸ್ಸಿಗೆ ಕಾಯುತ್ತಾ ನಿಂತ ಮೂವರ ಬೆನ್ನು. ಇನ್ನೈದು ಬರಲಿಲ್ಲ. ಬರುವುದೂ ಇಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಮೂರಕ್ಕೆ ಗೋಡೆಯಲ್ಲಿ ಜಾಗವಿಲ್ಲ. ಎಂಟೇ ಬೇಕು.

ಅವತ್ತು ಸಂಜೆ ಅವಳು ನೋವಿನ ಮುಲಾಮು ಹಿಡಿದು ಅತ್ತೆಯ ಮುಂದೆ ನೆಲದ ಮೇಲೆ ಕೂತಳು.

"ಏನೇ ಇದು, ಸೇವೆ ಜೋರು?"

"ಕಾಲು ಕೊಡಿ ಅತ್ತೆ."

"ನರ ಕದ್ದಿದ್ದಕ್ಕೆ ದಂಡವಾ?" ಎಂದರು. ಆದರೂ ಕಾಲು ನೀಡಿದರು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೂ ಆ ಕಾಲುಗಳನ್ನು ಅವಳು ಮುಟ್ಟಿ ನೋಡಿರಲಿಲ್ಲ. ಹಿಮ್ಮಡಿಯಿಂದ ಹೊರಟು ಮೀನಖಂಡದ ಮೇಲೆ ಮೂರು ಕವಲಾಗುವ ನರ, ಒಂದು ಕಾಲಲ್ಲಿ ದ್ರಾಕ್ಷಿ ಗಾತ್ರದ ಗಂಟು. ಬೆರಳಿನಿಂದ ನಿಧಾನವಾಗಿ ಎಲ್ಲವನ್ನೂ ಓದಿಕೊಂಡಳು. "ಸ್ವಲ್ಪ ಮೇಲೆ," ಎಂದು ಅತ್ತೆ ಕಣ್ಣು ಮುಚ್ಚಿದರು. "ಹಾಸ್ಟೆಲಲ್ಲಿ ಸಾರಿನ ಕೊಳಗ ಇಳಿಸೋವಾಗ ಬಂದ ಗಂಟು ಅದು. ಅವತ್ತೂ ರಜ ಹಾಕಲಿಲ್ಲ, ನೋಡು."

ಸೋಮವಾರ, ಮಂಗಳವಾರ ಅವಳು ಐದು ಫೋಟೊಗಳನ್ನು ಮತ್ತೆ ತಿದ್ದಿದಳು. ತೆಗೆಯುವ ಕೈಗೆ ಹಾಕುವುದೂ ಗೊತ್ತಿತ್ತು. ನರಗಳನ್ನು ಎಳೆದಳು, ಗಂಟನ್ನು ಕಟ್ಟಿದಳು, ಗಂಡನ ಬಾಯಿ ತೆರೆದು ಮೀಸೆಗೆ ಬ್ರೆಡ್ಡಿನ ಚೂರು ಸಿಕ್ಕಿಸಿದಳು. ತನ್ನ ಬಾಯಿಂದ ಹಲ್ಲನ್ನು ತಾನೇ ಕಿತ್ತಳು. ಹನ್ನೊಂದು ವರ್ಷದಲ್ಲಿ ಅವಳು ಮಾಡಿದ ಅತ್ಯುತ್ತಮ ಕೆಲಸ ಅದಾಗಿತ್ತು.

"ಬಂತಾ?" ಮಗಳು ಪ್ರಿಂಟುಗಳನ್ನು ಒಂದೊಂದಾಗಿ ತಿರುವಿದಳು. "ಎಲ್ಲಾ ಬಂತಾ?"

"ಬಂತು."

ಮಗಳು ಅವಳ ಕುತ್ತಿಗೆಗೆ ಜೋತುಬಿದ್ದಳು. ಒಂದು ವಾರದಿಂದ ತಟ್ಟೆ ನೋಡಿಕೊಂಡೇ ಮಾತಾಡುತ್ತಿದ್ದವಳು, ಆ ದಿನ ಊಟದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಕೈ ತೊಳೆದು ಬಂದು ಫಾರಂ ಮುಂದಿಟ್ಟಳು. 'ಫೋಟೊಗಳು ತೆಗೆದ ಹಾಗೆಯೇ ಇವೆ, ಯಾರೂ ತಿದ್ದಿಲ್ಲ.' ಕೆಳಗೆ ತಂದೆ ಅಥವಾ ತಾಯಿಯ ಸಹಿ. ಗಂಡ ಪೆನ್ನಿಗೆ ಕೈ ಚಾಚಿದ.

"ನಾನು ಹಾಕ್ತೀನಿ," ಎಂದಳು ಅವಳು.

ಮೇಳದ ದಿನ ಅತ್ತೆ ಏಳು ಗಂಟೆಗೇ ಅಂಗಡಿಯನ್ನು ವಶಕ್ಕೆ ತೆಗೆದುಕೊಂಡರು. ಎತ್ತರದ ಸ್ಟೂಲಿನ ಮೇಲೆ ಕೂತು, ಎರಡು ಕಾವಲಿ ಮುಂದಿಟ್ಟುಕೊಂಡು, ಈರುಳ್ಳಿ ಹೆಚ್ಚುವ ತಾಯಂದಿರಿಗೆ ಆಜ್ಞೆ ಮಾಡತೊಡಗಿದರು. "ಇದು ಹೆಚ್ಚಿದ್ದಾ, ಜಜ್ಜಿದ್ದಾ? ಇನ್ನೂ ಸಣ್ಣಗೆ!" ಗಂಡ ಶರಬತ್ತಿನ ಡ್ರಮ್ಮಿನ ಹತ್ತಿರ ನಿಂತು, ಮಕ್ಕಳು ಕೊಟ್ಟ ಕೂಪನ್ನು ಇಸಿದುಕೊಂಡು ಲೋಟ ತುಂಬುತ್ತಿದ್ದ. ಅವಳು ಆಮ್ಲೆಟ್ಟನ್ನು ಬ್ರೆಡ್ಡಿನೊಳಗೆ ಮಡಚಿ ಕಾಗದದಲ್ಲಿ ಸುತ್ತಿ ಕೊಡುವಳು. ಎದುರಿಗೇ, ಹತ್ತು ಹೆಜ್ಜೆಯಲ್ಲಿ, ಫೋಟೊಗಳ ಗೋಡೆ.

ಅವಳ ಪಕ್ಕದಲ್ಲಿ ಬ್ರೆಡ್ಡು ಬಿಡಿಸಿಕೊಡುತ್ತಿದ್ದವಳು ಮಗಳ ಕ್ಲಾಸಿನವಳೇ, ಶಾಲೆಯ ಕಾವಲುಗಾರನ ಮಗಳು.

"ಆಂಟಿ, ನಂದೂ ಎಂಟು ಇದೆ ಅಲ್ಲಿ," ಎಂದಳು ಹುಡುಗಿ. "ಕೊನೇ ಸಾಲು."

"ಹೌದಾ? ಏನು ತೆಗೆದೆ?"

"ನಮ್ಮಮ್ಮ ಆಫೀಸು ಗುಡಿಸೋಕೆ ಹೋಗ್ತಾರಲ್ಲ, ಬಸ್ಸಲ್ಲಿ ನಿದ್ದೆ ಮಾಡೋದು. ಎಂಟು ದಿನ, ಎಂಟು ನಿದ್ದೆ." ಹುಡುಗಿ ನಕ್ಕಳು. "ನನ್ನ ಫೋನಿನ ಕ್ಯಾಮೆರಾ ಗಾಜು ಒಡೆದಿದೆ ಆಂಟಿ. ಎಲ್ಲದರಲ್ಲೂ ಒಂದು ಗೆರೆ ಬಂದುಬಿಟ್ಟಿದೆ, ಅಮ್ಮನ ಹಣೆ ಮೇಲೇ. ನಿಮ್ಮ ಹತ್ರ ಬಂದಿದ್ರೆ ಒಂದು ನಿಮಿಷದಲ್ಲಿ ಒರೆಸಿಕೊಡ್ತಿದ್ರಿ. ಬರೋಣ ಅಂತ ಹೊರಟೂ ಇದ್ದೆ. ಆಮೇಲೆ ಫಾರಂ ನೆನಪಾಯ್ತು, ಬಿಟ್ಟೆ."

"ಬ್ರೆಡ್ ಕೊಡಮ್ಮ," ಎಂದಳು ಅವಳು. ಸುತ್ತುತ್ತಿದ್ದ ಕಾಗದ ಹರಿದಿತ್ತು. ಇನ್ನೊಂದು ತೆಗೆದುಕೊಂಡಳು.

ಮೂರು ಗಂಟೆಗೆ ತೀರ್ಪುಗಾರರು ಬಂದರು. ಪತ್ರಿಕೆಯೊಂದರಲ್ಲಿ ನಲವತ್ತು ವರ್ಷ ಫೋಟೊ ತೆಗೆದು ನಿವೃತ್ತರಾದವರು. ಕೈ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಗೋಡೆಯುದ್ದಕ್ಕೂ ನಡೆದರು. ಕಾವಲುಗಾರನ ಮಗಳ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಸಮುದ್ರದ ಎಂಟರ ಮುಂದೆ ನಿಂತರು. ಅತ್ತೆಯ ಕಾಲಿನ ಹತ್ತಿರ ಬಗ್ಗಿ, ಕನ್ನಡಕ ಹಣೆಗೇರಿಸಿ ನೋಡಿದರು. ಸುತ್ತ ಮಕ್ಕಳು ಸೇರಿದ್ದರು.

"ಇದನ್ನ ನೋಡಿ," ಎಂದರು. ಅವರ ದನಿ ಅಂಗಡಿಯವರೆಗೂ ಕೇಳುತ್ತಿತ್ತು. "ಇಂಥದ್ದನ್ನ ಕೂತು ಮಾಡೋಕಾಗಲ್ಲ. ಕಾದು ಪಡೀಬೇಕು. ಇದು ಯಾರದು?"

ಮಗಳು ಕೈ ಎತ್ತಿದಳು. ಕಿವಿಯವರೆಗೂ ಕೆಂಪಾಗಿದ್ದಳು.

"ಕೇಳಿದ್ಯಾ?" ಎಂದ ಗಂಡ, ಲೋಟ ತುಂಬಿ ಹೊರಗೆ ಚೆಲ್ಲುವವರೆಗೂ ಅತ್ತಲೇ ನೋಡುತ್ತಾ. "ಕ್ಯಾಮೆರಾ ನಮ್ಮ ರಾಣಿಗೇ ಕಣೇ! ಐದು ಗಂಟೆಗೆ ಹೇಳ್ತಾರಂತೆ. ಆಗೋಯ್ತು ಅಂತಲೇ ಲೆಕ್ಕ."

ಗಿರಾಕಿಗಳು ಕಡಿಮೆಯಾದಾಗ ಅತ್ತೆ ಸ್ಟೂಲಿನಿಂದ ಇಳಿದು, ಸೊಂಟ ಹಿಡಿದುಕೊಂಡು ಗೋಡೆಯ ಹತ್ತಿರ ಹೋದರು. ತಮ್ಮ ಕಾಲನ್ನು ತಾವು ನೋಡಿ ಬಂದರು. ಬಂದು ಸ್ಟೂಲು ಹತ್ತಿದರು. ಕಾವಲಿಗೆ ಎಣ್ಣೆ ಸವರಿದರು.

"ಗಂಟು ನನ್ನ ಎಡಗಾಲಲ್ಲಿ ಇರೋದು," ಎಂದರು, ಎಣ್ಣೆಯ ಕಡೆ ನೋಡುತ್ತಲೇ.

ಅವಳು ಮಡಚುತ್ತಿದ್ದ ಬ್ರೆಡ್ಡನ್ನು ಕೆಳಗಿಟ್ಟಳು.

"ಅಲ್ಲಿ ಬಲಗಾಲಿಗೆ ಬಂದಿದೆ. ಎದುರಿಗೆ ಕೂತು ನೋಡಿದೆಯಲ್ಲ. ಫೋಟೊ ಹಿಂದಿನಿಂದ ತೆಗೆದಿದ್ದು." ಅತ್ತೆ ಸೌಟು ಕೆಳಗಿಟ್ಟರು. "ನಾನು ಯಾರಿಗೂ ಹೇಳಲ್ಲ. ನನ್ನ ಕಾಲು ನನಗಲ್ಲದೆ ಇನ್ಯಾರಿಗೆ ಗೊತ್ತು?"

"ಅವಳಿಗೆ ಗೊತ್ತಿಲ್ಲ ಅತ್ತೆ. ಎಲ್ಲಾ ಬಂತು ಅಂತ ಹೇಳಿಬಿಟ್ಟೆ."

"ಅದೂ ಗೊತ್ತಾಯ್ತು. ಆ ಕೋತಿಗೆ ಗೊತ್ತಿದ್ರೆ ಮುಖದಲ್ಲಿ ಕಾಣ್ತಿತ್ತು."

ನಾಲ್ಕೂವರೆಯಾಗಿತ್ತು. ಗೋಡೆಯ ಹತ್ತಿರ ಮಗಳು ಯಾರೋ ದಂಪತಿಗೆ ಫೋಟೊಗಳನ್ನು ತೋರಿಸುತ್ತಿದ್ದಳು. ಅಪ್ಪ ಬಿದ್ದದ್ದನ್ನು ಅಭಿನಯಿಸಿ, ಅಮ್ಮ ನಕ್ಕಿದ್ದನ್ನು ತೋರಿಸಿ, ಅವರನ್ನೂ ನಗಿಸುತ್ತಿದ್ದಳು. ಹೇಳಿದ್ದೊಂದೂ ಸುಳ್ಳಲ್ಲ. ಅದೆಲ್ಲ ನಡೆದದ್ದೇ. ಬೆನ್ನ ಹಿಂದಿನ ಕಾಗದ ಮಾತ್ರ ಅವಳು ತೆಗೆದದ್ದಲ್ಲ. ಅಂಗಡಿಯ ಮೂಲೆಯಲ್ಲಿ ಕಾವಲುಗಾರನ ಮಗಳು ಬ್ರೆಡ್ಡಿನ ಖಾಲಿ ಕವರುಗಳನ್ನು ಒಂದರೊಳಗೊಂದು ತುರುಕುತ್ತಾ, ಆಗಾಗ ಕೊನೆಯ ಸಾಲಿನ ಕಡೆ ಕತ್ತೆತ್ತಿ ನೋಡುತ್ತಿದ್ದಳು.

ಮೈದಾನದ ಆ ಕೊನೆಗೆ, ಹಸಿರು ಬಟ್ಟೆ ಹೊದಿಸಿದ ಮೇಜಿನ ಹಿಂದೆ, ಫೋಟೊ ಕ್ಲಾಸಿನ ಮಿಸ್ಸು ಫಾರಂಗಳನ್ನು ಜೋಡಿಸಿಕೊಳ್ಳುತ್ತಿದ್ದರು. ತೀರ್ಪುಗಾರರು ಪಕ್ಕದಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ಅವಳು ಲೆಕ್ಕ ಹಾಕಿದಳು, ನಡೆದರೆ ಎರಡು ನಿಮಿಷ. ಹೇಳಬೇಕಾದದ್ದು ನಾಲ್ಕೇ ಮಾತು. ಮೂರು ಮಾತ್ರ ಹುಡುಗಿ ತೆಗೆದದ್ದು, ಐದು ನನ್ನ ಕೈಯದು. ಸಹಿ ನನ್ನದು. ಅವಳಿಗೆ ಏನೂ ಗೊತ್ತಿಲ್ಲ. ಅವಳನ್ನು ಮೋಸಗಾತಿ ಅಂತ ಕರೆಯಬೇಡಿ. ಅದಾದಮೇಲೆ ಮಗಳು ಎಷ್ಟು ವಾರ ತಟ್ಟೆ ನೋಡಿಕೊಂಡು ಊಟ ಮಾಡುತ್ತಾಳೋ, ಮಾಡಲಿ. ಮುಂದಿನ ವರ್ಷವೂ ಮೇಳ ಇರುತ್ತದೆ. ಅಷ್ಟರೊಳಗೆ ಎಷ್ಟು ಭಾನುವಾರಗಳಿವೆ ಎಂದು ಎಣಿಸಲು ಹೋಗಿ, ಬಿಟ್ಟಳು. ಮೊದಲು ಇದು.

ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಚಿಟ್ಟಳು.

"ಎಲ್ಲಿಗೆ ಹೊರಟೆ?" ಎಂದ ಗಂಡ. "ಇನ್ನೂ ಜನ ಬರ್ತಾರೆ."

"ಉಪ್ಪು ತರ್ತೀನಿ."

ಉಪ್ಪಿನ ಡಬ್ಬಿ ಅತ್ತೆಯ ಮೊಣಕೈ ಪಕ್ಕದಲ್ಲೇ ಇತ್ತು, ಮುಕ್ಕಾಲು ತುಂಬಿತ್ತು. ಅತ್ತೆ ಅದನ್ನು ನೋಡಿದರು. ಮೈದಾನ ದಾಟುತ್ತಿದ್ದ ಸೊಸೆಯನ್ನು ನೋಡಿದರು. ಒಂದೊಂದು ಕೈಗೂ ಎರಡೆರಡು ಮೊಟ್ಟೆ ತೆಗೆದುಕೊಂಡರು.